ಸುಮ್ಮನಿದ್ದು ಕೆಟ್ಟ ಉಪಕರಣ

ಬಳಸಿ ಸವೆಯುವ ವಸ್ತುಗಳು ಲೋಕದಲ್ಲಿ ಅನೇಕವಿವೆ. ಬಳಸದೆ ಕೆಡುವ ವಸ್ತುಗಳ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ನೀರು ಸೇದದ ಬಾವಿಯಲ್ಲಿ ಹೂಳು ತುಂಬುತ್ತದೆ. ಒಲೆ ಹಚ್ಚದ ಮನೆಗೆ ಗೆದ್ದಲು ಹಿಡಿಯುತ್ತದೆ. ವಿದ್ಯುತ್ ಉಪಕರಣಗಳ ಒಳಗೂ ಇಂಥದೊಂದು ಅಂಗವಿರುವುದನ್ನು, ಮಠದ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿ ಬೆಳೆದ ನಾವು ಅರವತ್ತು ದಾಟಿದ ಮೇಲೆ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಕಂಡುಕೊಂಡೆವು.

ಆ ಅಂಗದ ಹೆಸರು ಕೆಪಾಸಿಟರ್. ರಿಪೇರಿಯವರ ಬಾಯಲ್ಲಿ ಕಂಡೆನ್ಸರ್. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ತೂಗಾಡುವಂಥದು. ಉಪಕರಣದೊಳಗಿನ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದರೂ ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತಲೇ ಇರುತ್ತದೆ. ಏರಿದಾಗ ತುಂಬಿಕೊಂಡು ಇಳಿದಾಗ ನೀಡುವುದು ಕೆಪಾಸಿಟರಿನ ಕಾಯಕ. ಕೆರೆಯು ಮಳೆಗಾಲದ ನೀರನ್ನು ಬೇಸಗೆಗೆ ಉಳಿಸಿ ಕೊಡುವಂತೆ. ಸಣ್ಣ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳನ್ನು ದ್ರವದಲ್ಲಿ ನೆನೆದ ಕಾಗದದೊಡನೆ ಸುರುಳಿ ಸುತ್ತಿರುತ್ತಾರೆ. ಹಾಳೆಯ ಮೇಲಿನ ಅತಿ ತೆಳುವಾದ ಆಕ್ಸೈಡ್ ಪೊರೆಯೇ ಅದರ ಜೀವ. ವಿದ್ಯುತ್ತು ಹರಿಯುತ್ತಿದ್ದರೆ ಆ ಪೊರೆ ತಾನಾಗಿ ದುರಸ್ತಿಯಾಗುತ್ತಿರುತ್ತದೆ. ವರ್ಷಗಟ್ಟಲೆ ಮೂಲೆಗೆ ಬಿದ್ದರೆ ಕ್ಷೀಣಿಸುತ್ತದೆ. ಕೆಳಗಿನ ರಬ್ಬರ್ ಮುಚ್ಚಳ ಗಡುಸಾಗಿ, ದ್ರವ ಹೊರಗೆ ಸೋರಿ, ತಾಮ್ರದ ಗೆರೆಗಳನ್ನು ತಿನ್ನತೊಡಗುತ್ತದೆ.

1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಪಡೆದ ಊರಿದು. ಇಲ್ಲಿಯ ಗಣಿಗಳ ಆಳದಲ್ಲಿ ಚಿನ್ನವಲ್ಲದ ಮತ್ತೊಂದನ್ನೂ ಹುಡುಕಿದರೆಂಬುದು ಅನೇಕ ವಾಚಕರಿಗೆ ಹೊಸ ಸಂಗತಿಯಾದೀತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ವಿಜ್ಞಾನಿಗಳೊಡನೆ ಸೇರಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ ಉಪಕರಣಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹನ್ನು 1965ರಲ್ಲಿ ಹಿಡಿದರು. ಅಂಥ ಕೆಲಸದಲ್ಲಿ ಉಪಕರಣಕ್ಕೆ ಊಡುವ ವೋಲ್ಟೇಜು ಅಲುಗಿದರೆ ಎಣಿಕೆಯೇ ಸುಳ್ಳಾಗುತ್ತದೆ. ಅಳೆಯುವುದೇ ಸುಳ್ಳು ಹೇಳಿದರೆ ಯಾರನ್ನು ಕೇಳುವುದು?

ನಮ್ಮ ಅಣ್ಣನ ಮೊಮ್ಮಗ ಬಂಗಾರಪೇಟೆಯಲ್ಲಿದ್ದುಕೊಂಡು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬಿದ್ದಿದ್ದ ಹಳೆಯ ಆಸಿಲೋಸ್ಕೋಪೊಂದನ್ನು, ವಿದ್ಯುತ್ ಅಲೆಯ ರೂಪವನ್ನು ಪರದೆಯ ಮೇಲೆ ತೋರಿಸುವ ಯಂತ್ರವನ್ನು, ಕೂಡಿಟ್ಟ ಹಣ ಕೊಟ್ಟು ತಂದಿದ್ದ. ಹೊಸದನ್ನು ಕೊಳ್ಳುವ ಶಕ್ತಿ ಆ ಮನೆಗಿಲ್ಲ. ಹಾಕಿದರೆ ಗುಂಯ್ಗುಡುತ್ತಿತ್ತೇ ಹೊರತು ಪರದೆ ಬೆಳಗುತ್ತಿರಲಿಲ್ಲ. ಮಾರಿಕುಪ್ಪಂ ರೈಲು ಹತ್ತಿ, ಗಣಿಯ ಲೈನ್ ಮನೆಯಲ್ಲಿರುವ ಹಿರಿಯರೊಬ್ಬರಲ್ಲಿಗೆ ಅವನೊಡನೆ ನಾವೂ ಹೋದೆವು. ಗಣಿಯ ವಿದ್ಯುತ್ ವಿಭಾಗದಲ್ಲಿ ದುಡಿದು, 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು; ಮನೆಮಾತು ತಮಿಳು.

ಮುಚ್ಚಳ ತೆಗೆದೊಡನೆ ಹುಡುಗ ಕೈ ಚಾಚಿದ. ಹಿರಿಯರು ಅವನ ಮಣಿಕಟ್ಟನ್ನು ಹಿಡಿದೇಬಿಟ್ಟರು.

"ಪ್ಲಗ್ ಕಿತ್ತಿದೀನಲ್ಲ ಸಾರ್!"

"ನೀನು ಕಿತ್ತೆಪ್ಪಾ, ಅದು ಬಿಟ್ಟಿಲ್ಲ. ಒಳಗೆ ಇಟ್ಕೊಂಡಿರುತ್ತೆ. ಸ್ವಾಮಿ, ನೀವೂ ಸ್ವಲ್ಪ ಹಿಂದೆ ಕೂತ್ಕೊಳ್ಳಿ."

ಪರದೆಯ ಕೊಳವೆಗೆ ಸಾವಿರಕ್ಕೂ ಮೀರಿದ ವೋಲ್ಟು ಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರು ಅದನ್ನು ಹಿಡಿದಿಟ್ಟುಕೊಂಡು ಪ್ರಾಣ ತೆಗೆಯಬಲ್ಲುದು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವವರನ್ನು ಅವರು ಒಪ್ಪುವವರಲ್ಲ. ಒಂದು ಕೈಯನ್ನು ಬೆನ್ನ ಹಿಂದಿಟ್ಟು, ರೆಸಿಸ್ಟರ್ ಕಟ್ಟಿದ ತಂತಿಯನ್ನು ಮುಟ್ಟಿಸಿ ನಿಧಾನವಾಗಿ ಬರಿದು ಮಾಡಿದರು. ಮೀಟರು ಸೊನ್ನೆ ತೋರಿಸುವವರೆಗೆ ನಮ್ಮಲ್ಲಿ ಯಾರೂ ಉಸಿರೆತ್ತಲಿಲ್ಲ.

ಮೂರು ಡಬ್ಬಿಗಳ ಬುಡದಲ್ಲಿ ಕಂದು ಅಂಟು ಇಳಿದಿತ್ತು. ಯಾವ ಕಡೆ ಪ್ಲಸ್, ಯಾವ ಕಡೆ ಮೈನಸ್ ಎಂಬುದನ್ನು ಹುಡುಗನಿಂದ ಚಿತ್ರ ಬರೆಯಿಸಿಯೇ ಅವನ್ನು ಬಿಚ್ಚಿದರು. ತಿರುವುಮುರುವಾದರೆ ಹೊಸದೂ ಸಿಡಿಯುತ್ತದೆಯಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೇರೆಯವು ಬರಲು ಒಂದು ವಾರ ಹಿಡಿಯಿತು. ಧಾರಣೆ ಅಷ್ಟೇ, ವೋಲ್ಟು ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿ ತಾಳುವಂಥವು ಎಂದು ಅವರು ಚೀಟಿ ಬರೆದುಕೊಟ್ಟಿದ್ದರು. ಬೆಸುಗೆಗೆ ಮುನ್ನ ಸೋರಿದ ಅಂಟನ್ನು ಬ್ರಷ್ಷಿನಿಂದ ಉಜ್ಜಿ, ಕೊರೆದುಹೋದ ಒಂದು ಗೆರೆಗೆ ತಂತಿಯ ಸೇತುವೆ ಕಟ್ಟಿದರು. ಹೆಚ್ಚು ಹೊತ್ತು ಹಿಡಿದದ್ದು ಈ ಶುಚಿಯ ಕೆಲಸವೇ. ನಮಗಂತೂ ತಾಳೆಗರಿಯ ಹುಳು ತಿಂದ ಸಾಲುಗಳನ್ನು ಕೂಡಿಸುವವರ ಕೈ ನೆನಪಾಯಿತು.

ನೇರವಾಗಿ ಪ್ಲಗ್ಗಿಗೆ ಹಾಕದೆ, 100 ವ್ಯಾಟಿನ ಬಲ್ಬನ್ನು ನಡುವೆ ಸೀರೀಸಿನಲ್ಲಿ ಕಟ್ಟಿದರು. ಬಲ್ಬು ಧಗ್ಗನೆ ಬೆಳಗಿ ನಿಂತರೆ ಒಳಗೆ ಶಾರ್ಟ್. ಬೆಳಗಿ ಮಂಕಾದರೆ ಕ್ಷೇಮ. ಅದು ಬೆಳಗಿತು, ಮಂಕಾಯಿತು. ಪರದೆಯ ನಡುವೆ ಹಸಿರು ಗೆರೆಯೊಂದು ಅಲುಗದೆ ಮೂಡಿತು. ಹುಡುಗ ಹಿರಿಯರ ಕಾಲಿಗೆ ಬಗ್ಗಿದ. ಅವರು ಕೂಲಿಯೆಂದು ಕೆಪಾಸಿಟರುಗಳ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯಲಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಗಂಟೆ ಹಾಕಿಡು ಎಂದು ಹುಡುಗನಿಗೆ ಹೇಳಿ, ಬದಲಿಸಿದ ಭಾಗಗಳ ಅಳತೆಯನ್ನೂ ಆ ದಿನದ ತಾರೀಖನ್ನೂ ಚೀಟಿಯಲ್ಲಿ ಬರೆದು, ಮುಂದೆ ಬಿಚ್ಚುವವರಿಗೆಂದು ಮುಚ್ಚಳದ ಒಳಬದಿಗೆ ಅಂಟಿಸಿದರು.