ಉಪ್ಪು ನೀರು ಕುಡಿದ ಸಿಹಿ ಟೊಮೆಟೊ

"ಅಜ್ಜಾ, ಕೆಳಗೆ ನೋಡು, ಹಿಮ ಬಿದ್ದಿದೆ!" ಎಂದು ಮೊಮ್ಮಗಳು ನನ್ನ ತೋಳು ಜಗ್ಗಿದಳು. ಮ್ಯಾಡ್ರಿಡ್‌ನಿಂದ ಹೊರಟ ನಮ್ಮ ವಿಮಾನ ಸ್ಪೇನಿನ ದಕ್ಷಿಣ ತೀರದ ಅಲ್ಮೇರಿಯಾದಲ್ಲಿ ಇಳಿಯುತ್ತಿತ್ತು. ಇಣುಕಿ ನೋಡಿದೆ. ಬೆಟ್ಟದ ಬುಡದಿಂದ ಸಮುದ್ರದ ಅಂಚಿನವರೆಗೆ ಎಲ್ಲವೂ ಬೆಳ್ಳಗೆ. ಅದು ಹಿಮವಲ್ಲ, ಪ್ಲಾಸ್ಟಿಕ್! ಈ ಪ್ರಾಂತ್ಯದಲ್ಲಿ ಸುಮಾರು 30,000 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲಕ್ಷ ಎಕರೆಯಷ್ಟು ಹಸಿರುಮನೆಗಳಿವೆ. ಚಳಿಗಾಲದಲ್ಲಿ ಯುರೋಪಿನ ಎಷ್ಟೋ ಅಡುಗೆಮನೆಗಳಿಗೆ ತರಕಾರಿ ಹೋಗುವುದು ಇಲ್ಲಿಂದಲೇ.

ವಿಚಿತ್ರವೆಂದರೆ, ಇದು ಯುರೋಪಿನ ಅತಿ ಒಣ ಮೂಲೆ. ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ಬೆಟ್ಟದಾಚೆ ಇರುವುದು ತಬೆರ್ನಾಸ್ ಮರುಭೂಮಿ. ನಮ್ಮ ಕಾಲದವರು ಟಾಕೀಸಿನಲ್ಲಿ ಕುಳಿತು ಕ್ಲಿಂಟ್ ಈಸ್ಟ್‌ವುಡ್ ಕುದುರೆ ಓಡಿಸುವುದನ್ನು ನೋಡಿ ಅಮೆರಿಕ ಎಂದುಕೊಂಡೆವಲ್ಲ, ಆ ಧೂಳೆಲ್ಲ ಇಲ್ಲಿಯದು!

ಅಳಿಯನ ಗೆಳೆಯರೊಬ್ಬರ ತೋಟ ಊರ ಪಕ್ಕದ ಲಾ ಕನ್ಯಾದಾದಲ್ಲಿತ್ತು. ಕೈ ತೊಳೆಯಲು ನಲ್ಲಿ ತಿರುಗಿಸಿದವನು, ಹಳೆಯ ಅಭ್ಯಾಸ, ಒಂದು ಗುಟುಕು ಬಾಯಿಗೂ ಹಾಕಿಕೊಂಡೆ. ಉಪ್ಪುಪ್ಪು! ಗಂಗಾವತಿ ಕಡೆ ನಾನು ಬ್ಯಾಂಕಿನಲ್ಲಿದ್ದಾಗ, ಬೆಳೆ ಸಾಲದ ಅರ್ಜಿಯಲ್ಲಿ 'ಸವಳು' ಎಂಬ ಪದ ಕಂಡರೆ ಸಾಕು, ನಮ್ಮ ಮ್ಯಾನೇಜರು ಪೆನ್ನು ಕೆಳಗಿಡುತ್ತಿದ್ದರು. ಇಲ್ಲಿ ನೋಡಿದರೆ ಅದೇ ನೀರು ಹನಿ ಕೊಳವೆಯಲ್ಲಿ ಸಾಲು ಸಾಲು ಟೊಮೆಟೊ ಗಿಡಗಳ ಬುಡಕ್ಕೆ ಇಳಿಯುತ್ತಿದೆ.

ಕಾಲ ಕೆಳಗೆ ಬರೀ ಮರಳು. ಕೆದಕಿ ತೋರಿಸಿದರು. ಅಡಿಯಲ್ಲಿ ಜೇಡಿಮಣ್ಣು, ಅದರ ಮೇಲೆ ಗೊಬ್ಬರ, ಎಲ್ಲಕ್ಕೂ ಮೇಲೆ ಸುಮಾರು 10 ಸೆಂ.ಮೀ. ಮರಳು. ಬಿಸಿಲಿಗೆ ಮಣ್ಣಿನ ನೀರು ಆವಿಯಾದಾಗ ಉಪ್ಪು ಮೇಲೆ ಬಂದು ಬಿಳಿ ಹೆಪ್ಪುಗಟ್ಟುತ್ತದೆ. ಮರಳಿನ ಹೊದಿಕೆ ಆ ಆವಿಯನ್ನು ತಡೆಯುತ್ತದೆ. ಮಣ್ಣು ತೇವವಾಗಿರುವಷ್ಟು ಕಾಲ ಉಪ್ಪೂ ತೆಳುವಾಗಿರುತ್ತದೆ. ಪ್ಲಾಸ್ಟಿಕ್ ಬರುವುದಕ್ಕೂ ಮೊದಲೇ ಇಲ್ಲಿನ ರೈತರು ಕಂಡುಕೊಂಡಿದ್ದ ಉಪಾಯವಿದು.

ಗಿಡದಲ್ಲಿದ್ದ ತಳಿ 'ರಾಫ್'. ಸೊರಗು ರೋಗ ತಡೆಯುತ್ತದೆ ಎಂಬುದರ ಸ್ಪ್ಯಾನಿಷ್ ಮಾತಿನ ಮೊದಲಕ್ಷರಗಳೇ ಅದರ ಹೆಸರು. ಕುಂಬಳದಂತೆ ಏಣು ಏಣು, ಹೆಗಲು ಕಡುಹಸಿರು. ಅಂಗಡಿಯಲ್ಲಿ ನಾನಾದರೆ ಪಕ್ಕಕ್ಕೆ ತಳ್ಳುತ್ತಿದ್ದೆ. ಕೊಯ್ದು ಕೊಟ್ಟರು. ಹಣ್ಣಿನಂಥ ಸಿಹಿ! ನೀರಿನಲ್ಲಿ ಉಪ್ಪಿದ್ದರೆ ಬೇರಿಗೆ ನೀರು ಹೀರುವುದು ಕಷ್ಟ. ಕಾಯಿಗೆ ನೀರು ಕಡಿಮೆ ಸೇರುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ.

ಆದರೆ ಪುಕ್ಕಟೆ ಏನೂ ಇಲ್ಲ. ಪೆನ್ನಿನಂಥ ಮೀಟರೊಂದನ್ನು ಅವರು ನೀರಿಗೆ ಅದ್ದಿ ಅಂಕಿ ಓದುತ್ತಿದ್ದರು. ಬೇರಿನ ಸುತ್ತಲ ಮಣ್ಣಿನಲ್ಲಿ ಈ ಉಪ್ಪಿನ ಅಂಕಿ 2.5 ದಾಟಿದರೆ, ಮುಂದಿನ ಒಂದೊಂದು ಅಂಕಿಗೂ ಟೊಮೆಟೊ ಇಳುವರಿ ನೂರಕ್ಕೆ ಸುಮಾರು 10ರಷ್ಟು ಇಳಿಯುತ್ತದೆ. 5.5ಕ್ಕೆ ಹೋದರೆ ಮೂವತ್ತು ಭಾಗ ಖೋತಾ. ಕೆಲವು ಕಾಯಿಗಳ ತುದಿ ಕಪ್ಪಾಗಿ ಕೊಳೆಯುವುದು ಬೇರೆ. ಬೀನ್ಸ್ ಗಿಡವಂತೂ 1 ದಾಟಿದೊಡನೆ ಸೋಲತೊಡಗುತ್ತದೆ. ರಾಫ್‌ಗೆ ಸಾಮಾನ್ಯ ಟೊಮೆಟೊಗಿಂತ ಎಷ್ಟೋ ಹೆಚ್ಚು ಬೆಲೆ ಇರುವುದರಿಂದ ಲೆಕ್ಕ ಸರಿಹೋಗುತ್ತದೆ. ಎಲ್ಲರೂ ಅದನ್ನೇ ಬೆಳೆದರೆ ಆ ಬೆಲೆ ನಿಂತೀತೇ? ಕೇಳಿದೆ. ಅವರು ನಕ್ಕರು, ಅಷ್ಟೆ.

ಇನ್ನೊಂದು ಕೊಳವೆಯಲ್ಲಿ ಸಿಹಿನೀರು ಬರುತ್ತಿತ್ತು. ಕಾರ್ಬೊನೆರಾಸ್ ಎಂಬಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ದೊಡ್ಡ ಘಟಕವಿದೆ, ಅಲ್ಲಿಯದು. ವಿದ್ಯುತ್ ತಿನ್ನುವ ನೀರು, ಹಾಗಾಗಿ ದುಬಾರಿ. ಬಾವಿ ನೀರಿಗೆ ಅಳತೆ ಮಾಡಿ ಬೆರೆಸುತ್ತಾರೆ. ವರ್ಷದಿಂದ ವರ್ಷಕ್ಕೆ ಬೆರೆಸಬೇಕಾದ ಪಾಲು ಏರುತ್ತಿದೆಯಂತೆ. ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಎಲ್ಲರೂ ಎತ್ತುತ್ತಾ ಬಂದದ್ದರಿಂದ ಈ ತೀರದ ಎಷ್ಟೋ ಕಡೆ ನೆಲದಡಿಗೆ ಸಮುದ್ರವೇ ನುಗ್ಗಿದೆ.

ಹೊರಡುವಾಗ ತೋಟದ ಮೂಲೆಯಲ್ಲಿ, ಹಲಗೆ ಮುಚ್ಚಿದ ಬಾವಿಯೊಂದು ಕಂಡಿತು. ಅವರ ತಂದೆಯ ಕಾಲದ್ದು. ಈಗ ಅದರ ನೀರು ಟೊಮೆಟೊಗೂ ಆಗುವುದಿಲ್ಲವಂತೆ. ಮೊಮ್ಮಗಳು ಹಲಗೆಯ ಸಂದಿಯಲ್ಲಿ ಸಣ್ಣ ಕಲ್ಲೊಂದನ್ನು ಹಾಕಿ ಕಿವಿಗೊಟ್ಟಳು. ಆಳದಿಂದ 'ಬುಳುಕ್' ಎಂದು ಕೇಳಿಸಿತು.

"ತುಂಬಾ ನೀರಿದೆಯಲ್ಲ ಅಜ್ಜಾ!" ಎಂದಳು.