ಹತ್ತು ಪಟ್ಟಿಯ ಕಮಾನು

ನಮ್ಮಜ್ಜಿಗೆ ಕಾರು ಆಗಿಬರಲ್ಲ. "ಡಬ್ಬಿ ಒಳಗ ಕೂಡ್ಸಿ ಮುಚ್ಚಳ ಹಾಕ್ದಂಗ ಆಗ್ತದ" ಅಂತಾಳೆ. ಮೈಲಾರ ಮಲ್ಲಣ್ಣನಿಗೆ ಹೋಗೋದಾದ್ರೆ ಟ್ರ್ಯಾಕ್ಟರಿನ ಟ್ರೇಲರೇ ಆಗಬೇಕು. ಕಣಕಿ ಹಾಸಿ, ಅದರ ಮೇಲೆ ಕೌದಿ ಹಾಸಿ, ರೊಟ್ಟಿ ಬುಟ್ಟಿ, ಪಾತ್ರೆ, ಹತ್ತು ಜನ. ರಾತ್ರಿ ಅದೇ ಟ್ರೇಲರಿನ ಕೆಳಗೆ ನಿದ್ದೆ. ಆಫೀಸಿನಲ್ಲಿ ಗೆಳೆಯರು ಕ್ಯಾರವಾನ್ ವಿಡಿಯೋ ನೋಡಿ ನಿಟ್ಟುಸಿರು ಬಿಡುವಾಗ ನಾನು ಸುಮ್ಮನಿರ್ತೀನಿ. ನಮ್ಮನೇಲಿ ಅದು ಯಾವತ್ತೋ ಇತ್ತು, ಸಸ್ಪೆನ್ಷನ್ ಒಂದು ಸರಿ ಇರಲಿಲ್ಲ ಅಷ್ಟೆ.

ಸರಿ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಹೋದ ವರ್ಷ. ನಮ್ಮೂರು ಸಂತಪುರದಿಂದ ಔರಾದಿನ ಕಡೆ. ಹೊಲದ ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಎರಿ ಮಣ್ಣಿನ ದಾರಿ. ಮಳೇಲಿ ಉಬ್ಬಿ, ಬೇಸಿಗೇಲಿ ಬಿರುಕು ಬಿಟ್ಟು, ಆಮೇಲೆ ಚಕ್ರದ ಗುರುತೆಲ್ಲ ಕಲ್ಲಾಗಿ ನಿಲ್ಲೋ ಮಣ್ಣು ಅದು. ಅಜ್ಜಿ ಗಾಳಿ ಬರಲಿ ಅಂತ ಹಿಂದಿನ ಬಾಗಿಲ ಹತ್ತಿರ ಕೂತಿದ್ದಳು. ಒಂದು ತಗ್ಗಿಗೆ ಟ್ರೇಲರ್ ನೆಗೆಯಿತು, ಅಜ್ಜಿಯೂ ನೆಗೆದಳು. ಟ್ರೇಲರ್ ಮೊದಲು ಇಳಿಯಿತು, ಅವಳು ಆಮೇಲೆ. ಸೊಂಟದ ಹತ್ತಿರ ಬೆನ್ನುಮೂಳೆಯ ಒಂದು ಮಣಿ ಅಮುಕಿಹೋಗಿತ್ತು. ಮೂರು ತಿಂಗಳು ಬೆಲ್ಟು, ಹಾಸಿಗೆ.

ಓಡಿಸುತ್ತಿದ್ದವನು ಮಾಮ. ಅವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ, ಅದೇ ಅವನಿಗೆ ಹೆಚ್ಚಾಯಿತು. ಆವತ್ತಿನಿಂದ ಆ ಟ್ರೇಲರಿಗೆ ಸೋಯಾ ಚೀಲ ಬಿಟ್ಟು ಮನುಷ್ಯರನ್ನು ಹತ್ತಿಸಿಲ್ಲ. ಈ ವರ್ಷ ಅಜ್ಜಿ, "ಹರಕಿ ಉಳದದ, ಗಾಡಿ ಕಟ್ಟು" ಅಂದಾಗ ಎದ್ದು ಹೊರಗೆ ಹೋದ. ಡಾಕ್ಟರು ಕೂತು ಹೋಗಬಹುದು, ಕುಲುಕಾಟ ಮಾತ್ರ ಬೇಡ ಅಂದಿದ್ದರು.

ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಿದ್ದವನು. ಯಶವಂತಪುರದಿಂದ ಬೀದರಿನ ರೈಲು ಹತ್ತುವಾಗಲೇ ಶಾಕ್ ಅಬ್ಸಾರ್ಬರ್, ಏರ್ ಬ್ಯಾಗು ಅಂತ ದೊಡ್ಡ ಪಟ್ಟಿ ಮಾಡಿಕೊಂಡಿದ್ದೆ. ಬೀದರಿನಲ್ಲಿ ಕಮಾನು ಕೆಲಸ ಮಾಡುವ ಚಾಚಾ ಒಬ್ಬರು ಆ ಪಟ್ಟಿಯನ್ನು ಗೌರವದಿಂದ ಓದಿ, ಮಡಚಿ, ನನ್ನ ಜೇಬಿಗೇ ಹಾಕಿದರು. "ಪಹಲೇ ಖೋಲೋ" ಅಂದರು. ಮೊದಲು ಬಿಚ್ಚು.

ಬೀದರಿನಲ್ಲಿ ಕಮಾನಿಗೆ ಬರ ಇಲ್ಲ. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದಲ್ಲಿ ಸಾಲುಸಾಲು ಇವೆ. ಅವು ಬಗ್ಗಬಾರದು, ಗಾಡಿಯ ಕಮಾನು ಬಗ್ಗಲೇಬೇಕು. ನಮ್ಮದು ಬಗ್ಗುತ್ತಿರಲಿಲ್ಲ. ಭಾಲ್ಕಿ ಕಡೆ ಕಬ್ಬು ಹೇರುತ್ತಿದ್ದ ಸೆಕೆಂಡ್ ಹ್ಯಾಂಡ್ ಟ್ರೇಲರು ಅದು, ಒಂದೊಂದು ಬದಿಗೆ 10 ಪಟ್ಟಿ. ಬಿಚ್ಚಿದಾಗ ಪಟ್ಟಿಗಳ ನಡುವೆ ತುಕ್ಕು, ಮಣ್ಣು, ಗಟ್ಟಿಯಾದ ಕಬ್ಬಿನ ರಸ, ಎಲ್ಲ ಸೇರಿ ಒಂದೇ ದಿಮ್ಮಿ ಆಗಿತ್ತು.

ಇಲ್ಲಿ ನನ್ನ ಡಿಗ್ರಿ ಮೊದಲ ಸಲ ಉಪಯೋಗಕ್ಕೆ ಬಂತು. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ಒಂದೇ ಅಳತೆಯ ಹತ್ತು ಪಟ್ಟಿ ಒಂದರ ಮೇಲೊಂದು ಸಲೀಸಾಗಿ ಜಾರಿದರೆ ಬಿಗಿ ಒಂದು ಪಟ್ಟಿಯ 10 ಪಟ್ಟು. ಅವೇ ಹತ್ತೂ ಬೆಸೆದುಕೊಂಡು ಒಂದಾದರೆ 1000 ಪಟ್ಟು. ಇದು ಪುಸ್ತಕದ ಲೆಕ್ಕ, ತುಕ್ಕು ಅಷ್ಟು ಚೆನ್ನಾಗಿ ಬೆಸೆಯಲ್ಲ. ಆದರೂ ಅಜ್ಜಿ ಕೂತಿದ್ದು ಸ್ಪ್ರಿಂಗಿನ ಮೇಲಲ್ಲ, ಹೆಚ್ಚುಕಡಿಮೆ ಕಂಬಿಯ ಮೇಲೆ. ನಾಲ್ಕು ಪಟ್ಟಿ ತೆಗೆದುಬಿಡೋಣ ಅಂದೆ. ಚಾಚಾ ನಕ್ಕರು. ನಾಳೆ ಅದೇ ಟ್ರೇಲರಿಗೆ ಮಾಮ ಕಬ್ಬು ಹೇರಿದರೆ ಉಳಿದ ಆರೂ ಮುರಿಯುತ್ತವೆ.

ಹಾಗಾಗಿ ಪಟ್ಟಿಗಳನ್ನು ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಜೋಡಿಸಿದೆವು. ಶಾಕಲ್ಲಿನ ಬುಷ್ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು, ಹೊಸದು ಬಂತು. ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಪಿನ್ನೂ ಸಡಿಲ. ಮುಂದೆ-ಹಿಂದೆ ಧಕ್ ಧಕ್ ಅನ್ನೋ ಏಟು ಅಲ್ಲಿಂದ ಬರುತ್ತಿತ್ತು. ಅದನ್ನೂ ಬದಲಿಸಿದೆವು. ಕಬ್ಬಿನ ಭಾರಕ್ಕೆ ತುಂಬಿದ್ದ ಟಯರ್ ಗಾಳಿಯನ್ನು ಹಗುರ ಭಾರಕ್ಕೆ ತಕ್ಕಷ್ಟು ಇಳಿಸಿದೆವು. ಕೊನೆಗೆ ಚಾಚಾ ಹೇಳಿದ್ದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ: ಭಾರ ಹಾಕು. ಟನ್‌ಗಟ್ಟಲೆ ಹೊರಲು ಮಾಡಿದ ಕಮಾನಿಗೆ ಹತ್ತು ಜನ ಲೆಕ್ಕಕ್ಕೇ ಇಲ್ಲ. ಭಾರ ಕೂತಾಗ ಕಮಾನು ಬರೀ 25 ಮಿಲಿಮೀಟರ್ ಬಗ್ಗಿದರೆ ಗಾಡಿ ಸೆಕೆಂಡಿಗೆ ಮೂರು ಸಲ ಕುಣಿಯುತ್ತೆ, 100 ಬಗ್ಗಿದರೆ ಒಂದೂವರೆ ಸಲ. ಕೂತ ಮನುಷ್ಯನ ಮೈಗೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಮೇಲೆ-ಕೆಳಗಿನ ಅದುರು ಎಲ್ಲಕ್ಕಿಂತ ಕೆಟ್ಟದ್ದು, ಅದರಿಂದ ದೂರ ಇದ್ದಷ್ಟೂ ಒಳ್ಳೆಯದು. ಕೆಂಪು ಮುರುಮು ತುಂಬಿದ 50 ಕೆಜಿಯ 20 ಚೀಲ ನೆಲಕ್ಕೆ ಹಾಸಿ ಹಗ್ಗ ಬಿಗಿದೆವು.

ಅಂದಹಾಗೆ, ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿ ಸುಧಾರಣೆಗೆ ವರ್ಷಗಟ್ಟಲೆ ದುಡಿದವರು. ಮ್ಯಾನೇಜ್‌ಮೆಂಟ್ ಓದಿದವರ ಹತ್ತಿರ ಇದನ್ನು ಹೇಳಿದರೆ ತಮಾಷೆ ಅಂದ್ಕೋತಾರೆ.

ಭಾನುವಾರ ಬೆಳಿಗ್ಗೆ ಫೋನನ್ನು ಟ್ರೇಲರಿನ ನೆಲಕ್ಕೆ ಟೇಪಿನಿಂದ ಅಂಟಿಸಿ ಓಡಿಸಿದೆವು. ನೆಲ 1 ಜಿಗಿಂತ ಜೋರಾಗಿ ಕೆಳಗೆ ಜಾರಿದರೆ ಕೂತವರು ಗಾಳಿಯಲ್ಲಿ ಉಳೀತಾರೆ. ಬಿಚ್ಚುವ ಮೊದಲು ಅದೇ ದಾರಿಯಲ್ಲಿ ಹಾಗೆ ಆಗಿದ್ದು 23 ಸಲ, ಈಗ 2 ಸಲ, ಎರಡೂ ಹಿಂದಿನ ಬಾಗಿಲ ಹತ್ತಿರವೇ. ಎರಡೇ ಚಕ್ರದ ಟ್ರೇಲರು ಮುಂದಿನ ಕೊಂಡಿಯನ್ನು ಹಿಡಿದು ತೂಗುತ್ತೆ, ಬಾಲದಲ್ಲಿ ತೂಗು ಜಾಸ್ತಿ, ಕೊಂಡಿಯ ಹತ್ತಿರ ಕಡಿಮೆ. ಅಜ್ಜಿಯನ್ನು ಹೋದ ವರ್ಷ ಮುಂದೆ ಕೂರಿಸಿದ್ದರೆ ಸಾಕಿತ್ತೇನೋ. ಇದನ್ನು ಮಾಮನಿಗೆ ನಾನು ಹೇಳಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕಾಯಿತು. ಟ್ರೇಲರಿನಲ್ಲಿ ಜನರನ್ನು ಸಾಗಿಸೋದು ಕಾನೂನಿಗೆ ವಿರುದ್ಧ, ಮತ್ತೆ ಆ ಕಾನೂನು ಸರಿ ಇದೆ. ಕಮಾನು ಮೆತ್ತಗಾದರೆ ಏಟು ಕಡಿಮೆ ಆಗುತ್ತೆ, ಮಗುಚೋದು ಕಡಿಮೆ ಆಗಲ್ಲ. ಅಜ್ಜಿಗೂ ನನಗೂ ಒಂದು ರಾತ್ರಿ ಪೂರ್ತಿ ಜಗಳ. "ಯಾನ್ ಓದ್ದಿಯೋ ನೀ, ಬರೇ ಅಂಜೋದು ಕಲ್ತಿ" ಅಂದಳು. ಕೊನೆಗೆ ಒಪ್ಪಂದ: ಹೊಲದ ಮನೆಯಿಂದ ಡಾಂಬರಿನವರೆಗೆ ಅಜ್ಜಿ ಒಬ್ಬಳೇ ಟ್ರೇಲರಿನಲ್ಲಿ, ನಡಿಗೆಯ ವೇಗದಲ್ಲಿ, ಪಕ್ಕದಲ್ಲಿ ನಾನು. ಅಲ್ಲಿಂದ ಮೈಲಾರಕ್ಕೆ ಎಲ್ಲರೂ ಕ್ರೂಸರಿನಲ್ಲಿ. ಟ್ರೇಲರಿನಲ್ಲಿ ಸಾಮಾನು ಮಾತ್ರ.

ಕಣಕಿ ಹಾಸಿ ಕೊಂಡಿಯ ಕಡೆ ಕೂರಿಸಿದೆ. ಮಾಮ ಮೊದಲ ಗೇರಿನಲ್ಲಿ, ಕತ್ತು ಹಿಂದಕ್ಕೇ ತಿರುಗಿಸಿ ಓಡಿಸಿದ. ಆ ತಗ್ಗು ಬಂದಾಗ ಟ್ರ್ಯಾಕ್ಟರ್ ನಿಂತೇಹೋಯಿತು. "ನಡಿ ನಡಿ" ಅಂದಳು ಅಜ್ಜಿ. ಚಕ್ರ ಇಳಿಯಿತು, ಏರಿತು. ಅವಳ ಕೈಯಲ್ಲಿದ್ದ ತಂಬಿಗೆಯ ನೀರು ಒಂದಿಷ್ಟು ಸೀರೆ ಮೇಲೆ ಚೆಲ್ಲಿತು, ಅಷ್ಟೆ.

ಡಾಂಬರು ಬಂದರೂ ಅಜ್ಜಿ ಇಳಿಯಲಿಲ್ಲ. ಮಾಮ ಟ್ರ್ಯಾಕ್ಟರ್ ಬಂದ್ ಮಾಡಿ, ಹಿಂದೆ ಬಂದು, ಕಣಕಿಯ ಮೇಲೆ ಅವಳ ಪಕ್ಕ ಕೂತ. ಇಬ್ಬರೂ ಮಾತಾಡಲಿಲ್ಲ. ಕ್ರೂಸರಿನವನು ಹಾರ್ನ್ ಹೊಡೀತಾನೇ ಇದ್ದ.