ಹಿಡಿದಿಟ್ಟದ್ದು ಯಾಕೆ ಇಳಿಯಿತು?

ವಿಜ್ಞಾನ ಮೇಳಕ್ಕೆಂದು ನಾನೊಮ್ಮೆ ಮಾಡ್ಯುಲರ್ ಸಿಂಥೆಸೈಜರಿನ ಒಂದು ತುಣುಕನ್ನು ಕಟ್ಟಿದ್ದೆ. ಇದು ಬೇರೆ ಬೇರೆ ಕೆಲಸದ ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿದ ಸಂಗೀತಯಂತ್ರ. ಇದರಲ್ಲಿ ಸ್ವರವನ್ನು ಏರಿಸಿ ಇಳಿಸುವುದು ವೋಲ್ಟೇಜು. ಒಂದು ವೋಲ್ಟು ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರುವ ಲೆಕ್ಕವನ್ನು ರಾಬರ್ಟ್ ಮೋಗ್ ಅವರು 1960ರ ದಶಕದಲ್ಲಿ ಬಳಕೆಗೆ ತಂದರು. ಅವರ ಯಂತ್ರವೊಂದು 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತ್ತು.

ನಾನು ಕಟ್ಟಿದ್ದು ಸ್ಯಾಂಪಲ್ ಅಂಡ್ ಹೋಲ್ಡ್ ಎಂಬ ಭಾಗ. ಅದರ ಕೆಲಸ ನಮ್ಮ ಹಾಜರಿಯಂತೆ. ಮಕ್ಕಳು ಬರುತ್ತ ಹೋಗುತ್ತ ಇರುತ್ತಾರೆ. ಗಂಟೆ ಹೊಡೆದಾಗಿನ ಎಣಿಕೆ ಮಾತ್ರ ಮುಂದಿನ ಗಂಟೆಯವರೆಗೆ ಹಲಗೆಯ ಮೇಲಿರುತ್ತದೆ. ಇಲ್ಲಿ ಗಂಟೆಯೆಂದರೆ ವಿದ್ಯುತ್ತಿನ ಮಿಡಿತ. ಮಿಡಿತ ಬಂದೊಡನೆ ಸ್ವಿಚ್ಚು ಕ್ಷಣಮಾತ್ರ ಕೂಡಿಕೊಂಡು, ಆಗಿನ ವೋಲ್ಟೇಜನ್ನು ಕೆಪಾಸಿಟರಿಗೆ ತುಂಬಿ, ಬಿಟ್ಟುಕೊಳ್ಳುತ್ತದೆ. ತುಂಬಿದ್ದು ಅಲ್ಲೇ ನಿಲ್ಲಬೇಕು. ರೇಡಿಯೋ ನಿಲಯಗಳ ನಡುವೆ ಕೇಳುವಂಥ ಗೊರಗೊರ ಸದ್ದನ್ನು ಒಳಕ್ಕೆ ಕೊಟ್ಟರೆ ಪ್ರತಿ ಮಿಡಿತಕ್ಕೂ ಊಹೆಗೆ ಸಿಗದ ಹೊಸ ಸ್ವರ! ಹಳೆಯ ಸಿನೆಮಾಗಳಲ್ಲಿ ಕಂಪ್ಯೂಟರು 'ಯೋಚಿಸುವಾಗ' ಕೇಳಿಸುವುದು ಇಂಥದೇ ಸದ್ದು.

ನನ್ನ ಯಂತ್ರದಲ್ಲಿ ಸ್ವರ ನಿಲ್ಲಲಿಲ್ಲ. ಮಿಡಿತವನ್ನು ನಿಧಾನಗೊಳಿಸಿದಾಗ ಪ್ರತಿಯೊಂದೂ ಸುಂಯ್ ಎಂದು ಕೆಳಕ್ಕೆ ಜಾರಿತು. ಒಂಬತ್ತನೆಯ ತರಗತಿಯ ಒಬ್ಬಳು ಕೇಳಿದಳು: "ಮಾಸ್ಟ್ರೇ, ಹಿಡಿದಿಟ್ಟದ್ದು ಯಾಕೆ ಇಳಿಯುವುದು?"

ನನಗೆ ಗೊತ್ತಿರಲಿಲ್ಲ. "ಅದು ಒಂದು ಬಗೆಯ ಗಮಕ" ಎಂದುಬಿಟ್ಟೆ. ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ, ಪುಸ್ತಕ ತೆರೆದು ಅದನ್ನು ಬರೆದುಕೊಂಡಳು. ನನ್ನನ್ನು ಚುಚ್ಚಿದ್ದು ಅದು. ಆ ಬೇಸಗೆಯಲ್ಲಿ ಅವಳ ತಂದೆಗೆ ವರ್ಗವಾಗಿ ಅವರು ಊರು ಬಿಟ್ಟರು.

ಮುಂದಿನ ಮಳೆಗಾಲದ ರಜೆಯೊಂದರಲ್ಲಿ ಮತ್ತೆ ಅದರ ಮುಂದೆ ಕುಳಿತೆ. ಕೆಪಾಸಿಟರು ಸೋರುತ್ತಿರಬೇಕೆಂದು ಮೂರು ಬಾರಿ ಬದಲಿಸಿದೆ. ಪಾಪ, ಅದರ ತಪ್ಪೇ ಅಲ್ಲ. ಅದರ ವೋಲ್ಟೇಜನ್ನು ಓದಿ ಮುಂದಕ್ಕೆ ಕಳಿಸಲು ನಾನು ಹಾಕಿದ್ದ 741 ಎಂಬ ಐಸಿಯು ಸುಮಾರು 80 ನ್ಯಾನೋಆಂಪಿಯರ್ ಕರೆಂಟನ್ನು ತಾನೇ ಎಳೆದುಕೊಳ್ಳುತ್ತದೆ. ಕೊಡಪಾನದಲ್ಲಿ ನೀರೆಷ್ಟಿದೆಯೆಂದು ನೋಡಬಂದವನೇ ಕುಡಿಯುತ್ತಿದ್ದ! ನನ್ನ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಅದು ಸೆಕೆಂಡಿಗೆ 0.8 ವೋಲ್ಟಿನ ಇಳಿತ. ಒಂದು ಸ್ಥಾಯಿಗೆ ತುಸುವೇ ಕಡಿಮೆ. ಟಿಎಲ್072 ಎಂಬುದು ಅದರ ಸಾವಿರದಲ್ಲೊಂದು ಪಾಲನ್ನೂ ಎಳೆಯುವುದಿಲ್ಲ. ಅದನ್ನು ಹಾಕಿದೆ. ಸ್ವರ ನಿಂತಿತು. ನಿಮಿಷಗಟ್ಟಲೆ ಕಾದರೆ ಈಗಲೂ ಚೂರು ಜಾರುತ್ತದೆ, ಸುಳ್ಳು ಹೇಳುವುದಿಲ್ಲ.

ಈ ಸಂಚಿಕೆಯ ಪ್ರತಿಯೊಂದನ್ನು ಅವಳಿಗೆ ತಲುಪಿಸಲು ಅವಳ ಗೆಳತಿ ಒಪ್ಪಿದ್ದಾಳೆ. ಪುಸ್ತಕವಿನ್ನೂ ಇದ್ದರೆ, ಮಗೂ, 'ಗಮಕ' ಎಂದಿರುವಲ್ಲಿ ಗೀಟು ಹಾಕು.